ಮೂರೂ ಅಂಗಗಳಲ್ಲಿ ಸೇವೆ ಸಲ್ಲಿಸಿದವರನ್ನು ಗುರುತಿಸುವುದು ಹೇಗೆ?

ಅಮೆರಿಕದ ನಾಯಕರೊಬ್ಬರು ಒಕ್ಕೂಟ ಸರ್ಕಾರದ ಶಾಸಕಾಂಗ, ಕಾರ್ಯಾಂಗ, ನ್ಯಾಯಾಂಗ ಮೂರರಲ್ಲೂ ಇದ್ದರು ಎಂದು ಓದಿದರೆ ಹಾಗೆಯೇ ನಂಬಬೇಡಿ. ಅವರು ವಹಿಸಿದ ಹುದ್ದೆಗಳನ್ನೆಲ್ಲ ಇಸವಿ ಸಹಿತ ಬರೆದುಕೊಂಡು ಪರಿಶೀಲನೆ ಆರಂಭಿಸಿ.

ಮೊದಲು ರಾಜ್ಯಮಟ್ಟದ ಹುದ್ದೆಗಳನ್ನು ಹೊಡೆದುಹಾಕಿ. ಗವರ್ನರ್ ಆಗಿದ್ದದ್ದು, ರಾಜ್ಯದ ನ್ಯಾಯಾಲಯದಲ್ಲಿ ಕುಳಿತಿದ್ದು ಇಲ್ಲಿ ಲೆಕ್ಕಕ್ಕಿಲ್ಲ. ಈಗಿನ ಸಂವಿಧಾನದ ಸರ್ಕಾರ ಆರಂಭವಾದದ್ದು 1789ರಲ್ಲಿ. ಅದಕ್ಕೂ ಹಿಂದಿನದನ್ನು ಬಿಡಿ. ಮೊದಲ ಮುಖ್ಯ ನ್ಯಾಯಮೂರ್ತಿ ಜಾನ್ ಜೇ ತಪ್ಪಿಹೋಗುವುದು ಇಲ್ಲೇ. ಅವರು ಅಧ್ಯಕ್ಷರಾಗಿದ್ದ ಕಾಂಗ್ರೆಸ್ ಎಂಬ ಶಾಸನಸಭೆ ಈ ಸಂವಿಧಾನಕ್ಕಿಂತ ಹಳೆಯದು.

ನಂತರ ಶಾಸಕಾಂಗವನ್ನು, ಅಂದರೆ ಸೆನೆಟ್ ಮತ್ತು ಪ್ರತಿನಿಧಿ ಸಭೆ ಎಂಬ ಎರಡು ಸದನಗಳ ಈಗಿನ ಕಾಂಗ್ರೆಸ್ಸನ್ನು ನೋಡಿ. ದೊಡ್ಡ ಹೆಸರುಗಳೂ ಎಡವುವ ಜಾಗವಿದು. ವಿಲಿಯಂ ಹೊವಾರ್ಡ್ ಟಾಫ್ಟ್ ರಾಷ್ಟ್ರಾಧ್ಯಕ್ಷರೂ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದರು, ಆದರೆ ಸೆನೆಟ್‌ನಲ್ಲಾಗಲಿ ಪ್ರತಿನಿಧಿ ಸಭೆಯಲ್ಲಾಗಲಿ ಸದಸ್ಯರಾಗಿರಲಿಲ್ಲ. ವಿದೇಶಾಂಗ ಕಾರ್ಯದರ್ಶಿಯೂ ಮುಖ್ಯ ನ್ಯಾಯಮೂರ್ತಿಯೂ ಆಗಿದ್ದ ಚಾರ್ಲ್ಸ್ ಇವಾನ್ಸ್ ಹ್ಯೂಸ್ ಅವರದೂ ಇದೇ ಕಥೆ. ಉಪಾಧ್ಯಕ್ಷರು ಸೆನೆಟ್‌ನ ಸಭಾಪತಿಯಾದರೂ ಸೆನೆಟರ್ ಅಲ್ಲವಾದ್ದರಿಂದ ನಾನು ಅವರನ್ನು ಕಾರ್ಯಾಂಗಕ್ಕೇ ಸೇರಿಸುತ್ತೇನೆ.

‘ನ್ಯಾಯಾಧೀಶ’ ಎಂಬ ಬಿರುದಿಗೂ ಮರುಳಾಗಬಾರದು. ವಲಸೆ ಪ್ರಕರಣಗಳ ನ್ಯಾಯಾಧೀಶರು ನ್ಯಾಯ ಇಲಾಖೆಯ ನೌಕರರು, ಅಂದರೆ ಕಾರ್ಯಾಂಗದವರು.

ಇಷ್ಟಾದ ಮೇಲೆ ದಿನಾಂಕಗಳನ್ನು ನಿಧಾನವಾಗಿ ಓದಿ. ನನಗೆ ಅತ್ಯಂತ ಪ್ರಿಯವಾದ ಹಂತ ಇದು. ಕಾಂಗ್ರೆಸ್ ಸದಸ್ಯರು ಅದೇ ವೇಳೆ ಒಕ್ಕೂಟದ ಬೇರೆ ಹುದ್ದೆ ಹಿಡಿಯುವಂತಿಲ್ಲ ಎಂದು ಸಂವಿಧಾನ ಹೇಳುತ್ತದೆ. ಕಾರ್ಯಾಂಗ ಮತ್ತು ನ್ಯಾಯಾಂಗಗಳ ನಡುವೆ ಅಂಥ ಸ್ಪಷ್ಟ ನಿಷೇಧವಿಲ್ಲ. ಜಾನ್ ಮಾರ್ಷಲ್ 1800ರಲ್ಲಿ ಪ್ರತಿನಿಧಿ ಸಭೆ ಬಿಟ್ಟು ವಿದೇಶಾಂಗ ಕಾರ್ಯದರ್ಶಿಯಾದರು. 1801ರ ಫೆಬ್ರುವರಿ 4ರಂದು ಮುಖ್ಯ ನ್ಯಾಯಮೂರ್ತಿಯಾಗಿ ಪ್ರಮಾಣವಚನ ಸ್ವೀಕರಿಸಿದ ಮೇಲೂ ಮಾರ್ಚ್ 4ರವರೆಗೆ ಹಳೆಯ ಕಚೇರಿಯ ಕೆಲಸ ನಡೆಸಿದರು. ಆ ದಿನಗಳಲ್ಲಿ ಅವರದೇ ಇಲಾಖೆಯಿಂದ ತಲುಪದೆ ಉಳಿದ ನೇಮಕಪತ್ರವೊಂದರ ವ್ಯಾಜ್ಯಕ್ಕೆ 1803ರಲ್ಲಿ ಅವರೇ ತೀರ್ಪು ಬರೆದರು: ಸಂವಿಧಾನಕ್ಕೆ ವಿರುದ್ಧವಾದ ಕಾಯ್ದೆಯನ್ನು ನ್ಯಾಯಾಲಯ ತಳ್ಳಿಹಾಕಬಹುದೆಂದು ಸಾರಿದ ಮಾರ್ಬರಿ ಪ್ರಕರಣ ಅದೇ. ಇಂದು ಯಾವ ನ್ಯಾಯಮೂರ್ತಿಯಾದರೂ ಅಂಥ ಮೊಕದ್ದಮೆಯಿಂದ ಹಿಂದೆ ಸರಿಯಲೇಬೇಕು ಎಂಬುದು ನನ್ನ ಅಭಿಪ್ರಾಯ.

ಯಾವ ಕ್ರಮದಲ್ಲಿ ಸಾಗಿದರು ಎಂಬುದನ್ನೂ ಗುರುತಿಸಿಕೊಳ್ಳಿ. ಸಾಲ್ಮನ್ ಚೇಸ್ ಸೆನೆಟರ್, ಹಣಕಾಸು ಕಾರ್ಯದರ್ಶಿ, ಮುಖ್ಯ ನ್ಯಾಯಮೂರ್ತಿ ಎಂದು ಸಾಗಿ ಪೀಠದಲ್ಲೇ ಉಳಿದರು. ಜೇಮ್ಸ್ ಬರ್ನ್ಸ್ ಸಾಗಿದ್ದು ಬೇರೆ ದಾರಿ. ಎರಡೂ ಸದನಗಳನ್ನು ಕಂಡು 1941ರಲ್ಲಿ ಸುಪ್ರೀಂ ಕೋರ್ಟ್ ಸೇರಿದ ಅವರು, ಮಹಾಯುದ್ಧದ ನಡುವೆ, 1942ರಲ್ಲಿ ಆ ಆಜೀವ ಹುದ್ದೆಯನ್ನೇ ತೊರೆದು ಆಡಳಿತಕ್ಕೆ ಬಂದರು. 1945ರಲ್ಲಿ ವಿದೇಶಾಂಗ ಕಾರ್ಯದರ್ಶಿಯಾದರು.

ಹುಡುಕಾಟವನ್ನು ಸುಪ್ರೀಂ ಕೋರ್ಟ್‌ಗೆ ಮಿತಿಗೊಳಿಸಬೇಡಿ. ಒಕ್ಕೂಟದ ಮೇಲ್ಮನವಿ ನ್ಯಾಯಾಲಯಗಳೂ ನ್ಯಾಯಾಂಗವೇ. ಪ್ರತಿನಿಧಿ ಸಭೆಯಲ್ಲಿದ್ದ ಆಬ್ನರ್ ಮಿಕ್ವಾ 1979ರಲ್ಲಿ ವಾಷಿಂಗ್ಟನ್‌ನ ಅಂಥ ನ್ಯಾಯಾಲಯ ಸೇರಿ, 1994ರಲ್ಲಿ ಅದನ್ನು ಬಿಟ್ಟು ಶ್ವೇತಭವನದ ಕಾನೂನು ಸಲಹೆಗಾರರಾದರು. ಅವರ ಹೆಸರನ್ನೂ ಪಟ್ಟಿಗೆ ಸೇರಿಸಿಕೊಳ್ಳಬಹುದು.