ಪೆನಾಂಗ್‌ನಲ್ಲಿ ಹಡಗು ನಿಂತ ದಿನ: ಮೊದಲು ಕೆಕ್ ಲೋಕ್ ಸಿ, ಆಮೇಲೆ ಊರು

ಸಿಂಗಪುರದಲ್ಲಿ ಕ್ರೂಸ್ ಏರುವವರು ಈಚೆಗೆ ವಿಜಯಪುರದ ನಮ್ಮ ಓಣಿಯಲ್ಲೂ ಹೆಚ್ಚಿದ್ದಾರೆ. ಹೊರಡುವ ಮುನ್ನ ನನ್ನನ್ನು ಕೇಳುವುದು ಒಂದೇ ಮಾತು: ಮಲೇಷ್ಯಾದ ಪೆನಾಂಗ್‌ನಲ್ಲಿ ಸಿಗುವ ಒಂದೇ ಹಗಲಿನಲ್ಲಿ ಏನೇನು ನೋಡುವುದು? ಕೆಕ್ ಲೋಕ್ ಸಿ ಎಂಬ ಬೌದ್ಧ ದೇವಾಲಯ, ಆಮೇಲೆ ಊರು, ಈ ಎರಡೇ ನೋಡಿ, ಬೆಟ್ಟದ ರೈಲನ್ನು ಬಿಡಿ ಎನ್ನುತ್ತೇನೆ. ಅಲ್ಲಿ ಸಾಲಿಗೆ ನಿಂತರೆ ದಿನ ಕೈಬಿಟ್ಟಂತೆಯೇ.

ಹಡಗಿನವರು ಮಾರುವ ಪ್ರವಾಸದ ಟಿಕೆಟ್ಟೂ ಬೇಡ. ಹಡಗು ಜಾರ್ಜ್ ಟೌನ್‌ನ ಸ್ವೆಟನ್‌ಹ್ಯಾಮ್ ಧಕ್ಕೆಗೇ ಬಂದು ನಿಲ್ಲುತ್ತದೆ. ಗೇಟು ದಾಟಿದರೆ ಊರು. ಹಡಗಿನ ಕಾರ್ಡು, ಪಾಸ್‌ಪೋರ್ಟ್ ಪ್ರತಿ, ಅಲ್ಲಿನ ಹಣವಾದ ರಿಂಗಿಟ್ ಚಿಲ್ಲರೆ, ಕೊಡೆ ಇಟ್ಟುಕೊಳ್ಳಿ. ಮುತ್ತಿಕೊಳ್ಳುವ ಟ್ಯಾಕ್ಸಿಯವರನ್ನು ದಾಟಿ ಮೊಬೈಲಿನ ಗ್ರ್ಯಾಬ್ ಆ್ಯಪಿನಲ್ಲಿ ಕಾರು ಕರೆಯಿರಿ, ದರ ಮೊದಲೇ ಕಾಣುತ್ತದೆ. ಬಿಸಿಲೇರುವ ಮುನ್ನ ದೇವಾಲಯವಿರುವ ಏರ್ ಇತಾಮ್ ತಲುಪಬೇಕು. ನಮ್ಮ ಬಿಸಿಲು ಒಣಗಿಸುತ್ತದೆ, ಅಲ್ಲಿಯದು ಅಂಗಿಯನ್ನು ಮೈಗೆ ಅಂಟಿಸುತ್ತದೆ. ತೆಳು ಹತ್ತಿ ಬಟ್ಟೆ ಸಾಕು, ಆದರೆ ಹೆಗಲು, ಮೊಣಕಾಲು ಮುಚ್ಚಿರಲಿ.

ಕೆಕ್ ಲೋಕ್ ಸಿ ದೇವಾಲಯದ ಕೆಲಸ 1890ರ ದಶಕದಲ್ಲಿ ಶುರುವಾಯಿತು. ಕೆಳಗಿನಿಂದ ಹತ್ತಿದರೆ ಮೊದಲು ಆಮೆಗಳ ಕೊಳ. ಜನ ಸೊಪ್ಪಿನ ಕಟ್ಟು ಕೊಂಡು ತಿನ್ನಿಸುತ್ತಾರೆ, ಆಮೆಗಳು ಒಂದರ ಬೆನ್ನ ಮೇಲೊಂದು ಏರಿ ಕತ್ತು ಚಾಚುತ್ತವೆ. ಮುಂದೆ ಹರಕೆಯ ರಿಬ್ಬನ್ನುಗಳು: ವ್ಯಾಪಾರಕ್ಕೆ, ಮದುವೆಗೆ, ಓದಿಗೆ ಬೇರೆಬೇರೆ ಬಣ್ಣ. ಕನ್ನಡದಲ್ಲಿ ಬರೆದು ಕಟ್ಟಿದರೂ ಯಾರೂ ಬೇಡವೆನ್ನುವುದಿಲ್ಲ.

ಹೊತ್ತು ಕೊಡಬೇಕಾದದ್ದು 1930ರಲ್ಲಿ ಮುಗಿದ ಏಳಂತಸ್ತಿನ ಪಗೋಡಕ್ಕೆ. ಸ್ವಲ್ಪ ದೂರ ನಿಂತು ಕೆಳಗಿನಿಂದ ಮೇಲಕ್ಕೆ ನೋಡಿ: ಬುಡ ಚೀನಾ ಶೈಲಿಯ ಎಂಟು ಮೂಲೆ, ನಡು ಥಾಯ್, ನೆತ್ತಿ ಬರ್ಮಾ ಶೈಲಿಯ ಗುಮ್ಮಟ. ಮೂರು ದೇಶದ ಬೌದ್ಧರು ಒಂದೇ ಕಟ್ಟಡದಲ್ಲಿ ಜಗಳವಿಲ್ಲದೆ ನಿಂತಿದ್ದಾರೆ. ಥಾಯ್ ದೊರೆ ಆರನೆಯ ರಾಮ ಇದಕ್ಕೆ ಅಡಿಗಲ್ಲು ಹಾಕಿದವನು. ಒಳಗಿನ ಮೆಟ್ಟಿಲು ಇಕ್ಕಟ್ಟು. ನಮ್ಮ ಗೋಳಗುಮ್ಮಟದ ಮೂಲೆಯ ಏಳಂತಸ್ತಿನ ಮಿನಾರು ಹತ್ತಿದವರಿಗೆ ಹೊಸತೇನಲ್ಲ. ಮಂಡಿ ನೋವಿದ್ದವರು ಇದನ್ನು ಬಿಟ್ಟು, ಇಳಿಜಾರಿನ ಲಿಫ್ಟಿನಲ್ಲಿ ಮೇಲೆ ಹೋಗಿ ಸುಮಾರು 30 ಮೀಟರ್ ಎತ್ತರದ, ಕರುಣೆಯ ದೇವಿ ಗ್ವಾನ್‌ಯಿನ್‌ಳ ಕಂಚಿನ ಮೂರ್ತಿ ನೋಡಲಿ. ಪೂಜೆಗೆ ಕೂತವರ ಮುಖಕ್ಕೆ ಕ್ಯಾಮೆರಾ ಹಿಡಿಯಬೇಡಿ.

ಮಧ್ಯಾಹ್ನಕ್ಕೆ ಊರಿಗೆ ಇಳಿಯಿರಿ. ಸಸ್ಯಾಹಾರಿಗಳಿಗೆ ಎಚ್ಚರ: ಬರಿಯ ತರಕಾರಿ ಪಲ್ಯದಲ್ಲೂ ಬೆಲಾಚಾನ್ ಎಂಬ ಸಿಗಡಿ ಹಿಂಡಿ ಇರುತ್ತದೆ. ಲಿಟಲ್ ಇಂಡಿಯಾದ ತಮಿಳು ಸಸ್ಯಾಹಾರಿ ಹೋಟೆಲುಗಳಲ್ಲಿ ಬಾಳೆಲೆ ಊಟ ಸಿಗುತ್ತದೆ, ಹತ್ತಿರದಲ್ಲೇ 1833ರ ಮಾರಿಯಮ್ಮನ ಗುಡಿಯೂ ಇದೆ. ಚಹಾಕ್ಕೆ ‘ಕುರಂಗ್ ಮಾನಿಸ್’ ಎನ್ನಿ, ಸಿಹಿ ಕಡಿಮೆ ಹಾಕುತ್ತಾರೆ. ಇಲ್ಲವಾದರೆ ಅದು ಪಾಯಸ.

ಮರಳುವ ದಾರಿಗೆ ಗುರುತು ವಿಕ್ಟೋರಿಯಾ ರಾಣಿಯ ಗಡಿಯಾರ ಗೋಪುರ. ಅವಳ ಆಳ್ವಿಕೆಯ 60 ವರ್ಷಕ್ಕೆ 60 ಅಡಿ ಎತ್ತರ ಕಟ್ಟಿದ್ದು. ಅಲ್ಲಿಂದ ಧಕ್ಕೆ ಕೂಗಳತೆ. ಸಮಯಕ್ಕೆ ಮಾತ್ರ ಊರಿನ ಗಡಿಯಾರ ನಂಬಬೇಡಿ, ಹಡಗಿನ ವೇಳೆಯೇ ವೇಳೆ. ಹತ್ತಬೇಕಾದ ಗಳಿಗೆಗಿಂತ ಒಂದು ತಾಸು ಮೊದಲೇ ಗೇಟಿನಲ್ಲಿರಿ. ತಡವಾದವರಿಗಾಗಿ ಹಡಗು ಕಾಯುವುದಿಲ್ಲ.