ದೇಶದ ಚಾಲ್ತಿ ಖಾತೆಯ ಲೆಕ್ಕ ಹಾಕುವುದು ಹೇಗೆ?

ಬ್ಯಾಂಕಿನ ಚಾಲ್ತಿ ಖಾತೆ ದಿನನಿತ್ಯದ ಕೊಡು-ಕೊಳ್ಳುವಿಕೆಗೆ. ಚೆಕ್ ಕೊಡಿ, ಹಣ ಕಟ್ಟಿ, ಬೇಕೆಂದಾಗ ತೆಗೆಯಿರಿ. ಬಡ್ಡಿ ಸಾಮಾನ್ಯವಾಗಿ ಇಲ್ಲ, ಬ್ಯಾಂಕು ಒಪ್ಪಿದ್ದರೆ ಶಿಲ್ಕಿಗಿಂತ ಹೆಚ್ಚು ತೆಗೆಯುವ ಓವರ್‌ಡ್ರಾಫ್ಟ್ ಉಂಟು. ದೇಶದ ಚಾಲ್ತಿ ಖಾತೆಯಲ್ಲಿ ಶಿಲ್ಕು ಎಂಬುದೇ ಇಲ್ಲ. ಅದು ಒಂದು ತ್ರೈಮಾಸಿಕದಲ್ಲೋ ವರ್ಷದಲ್ಲೋ ಹೊರದೇಶಗಳೊಂದಿಗೆ ನಡೆದ ವಹಿವಾಟಿನ ಲೆಕ್ಕ. ‘ಕೊರತೆ’ ಎಂದ ಕೂಡಲೇ ಖಜಾನೆ ಬರಿದಾಯಿತು ಎಂದುಕೊಳ್ಳುವವರು ಎಡವುವುದು ಇಲ್ಲೇ. ಸರ್ಕಾರದ ವಿತ್ತೀಯ ಕೊರತೆಯಂತೂ (ಆದಾಯವನ್ನು ಮೀರಿದ ಖರ್ಚು) ಬೇರೆಯದೇ ಬಾಬತ್ತು.

ಹಂತ 1: ಸರಕು ರಫ್ತಿನಿಂದ ಆಮದನ್ನು ಕಳೆಯಿರಿ. ಸುಂಕದ ಕಚೇರಿಯ ಆಮದು ಅಂಕಿಯಲ್ಲಿ ಸಾಮಾನ್ಯವಾಗಿ ಹಡಗು ಬಾಡಿಗೆ, ವಿಮೆ ಸೇರಿರುತ್ತವೆ. ಅವನ್ನು ಬಿಡಿಸಿಕೊಳ್ಳಿ, ಇಲ್ಲವಾದರೆ ವಿದೇಶಿ ಹಡಗಿನ ಬಾಡಿಗೆ ಇಲ್ಲೊಮ್ಮೆ, ಹಂತ 2ರ ಸಾಗಣೆಯಲ್ಲೊಮ್ಮೆ, ಹೀಗೆ ಎರಡು ಸಲ ಬೀಳುತ್ತದೆ.

ಹಂತ 2: ಸಾಫ್ಟ್‌ವೇರ್, ಸಾಗಣೆ, ಪ್ರವಾಸಿಗರ ಖರ್ಚು ಮುಂತಾದ ಸೇವೆಗಳಲ್ಲೂ ಬಂದದ್ದರಿಂದ ಕೊಟ್ಟದ್ದನ್ನು ಕಳೆದು ಸೇರಿಸಿ.

ಹಂತ 3: ಪ್ರಾಥಮಿಕ ಆದಾಯ, ಅಂದರೆ ಗಡಿಯಾಚೆಗಿನ ಬಡ್ಡಿ, ಲಾಭ, ಸಂಬಳ. ಹೆಚ್ಚಿನವರು ತಪ್ಪುವುದು ಈ ಹಂತದಲ್ಲಿ. ಹೊರಗಿನಿಂದ 100 ಕೋಟಿ ಡಾಲರ್ ಸಾಲ ಬಂತು, ಬಡ್ಡಿ ಶೇ 6 ಎನ್ನಿ. ಆ 100 ಕೋಟಿ ಚಾಲ್ತಿ ಖಾತೆಗೆ ಬರುವಂತಿಲ್ಲ. ಅದರ ಜಾಗ ಹಣಕಾಸು ಖಾತೆ, ಅಂದರೆ ಹೊರದೇಶಗಳೊಂದಿಗಿನ ಸಾಲ, ಹೂಡಿಕೆಗಳ ಲೆಕ್ಕ. ಅಸಲು ತೀರಿಸಿದಾಗಲೂ ಅಲ್ಲಿಯೇ. ಬಡ್ಡಿಯ 6 ಕೋಟಿ ಮಾತ್ರ ಇಲ್ಲಿ ಕಳೆಯಬೇಕು. ವಿದೇಶಿ ಕಂಪನಿ ತನ್ನ ಲಾಭವನ್ನು ಊರಿಗೆ ಒಯ್ಯದೆ ಇಲ್ಲೇ ತೊಡಗಿಸಿದರೆ? ಒಂದು ಡಾಲರ್ ಕೂಡ ಗಡಿ ದಾಟದಿದ್ದರೂ ಅದನ್ನು ಇಲ್ಲಿ ಕಳೆದು, ಹಣಕಾಸು ಖಾತೆಯಲ್ಲಿ ಹೊಸ ಹೂಡಿಕೆ ಎಂದು ಬರೆಯುತ್ತಾರೆ. ಅನುಮಾನ ಬಂದಾಗ ಒಂದೇ ಪ್ರಶ್ನೆ ಕೇಳಿ: ಈ ಮೊತ್ತ ಸಾಲದ ಅಸಲೋ, ಕೈ ಬದಲಾಯಿಸಿದ ಆಸ್ತಿಯ ಬೆಲೆಯೋ? ಹೌದಾದರೆ ಆ ಮೊತ್ತ ಚಾಲ್ತಿ ಖಾತೆಯದ್ದಲ್ಲ.

ಹಂತ 4: ದ್ವಿತೀಯಕ ಆದಾಯ, ಅಂದರೆ ಮನೆಗೆ ಕಳಿಸಿದ ಹಣ, ನಿತ್ಯದ ನೆರವು. ಹೊರದೇಶಕ್ಕೆ ಕೆಲಸಕ್ಕೆ ಹೋದವರು ಒಂದು ವರ್ಷದೊಳಗೆ ಮರಳುವವರಾದರೆ ಅವರ ಸಂಬಳ ಹಂತ 3ಕ್ಕೆ. ಅಲ್ಲೇ ನೆಲೆಸಿದ್ದರೆ ಅವರು ಕಳಿಸುವ ಹಣ ಇಲ್ಲಿಗೆ. ಸೇತುವೆ ಕಟ್ಟಲು ಬಂದ ಅನುದಾನ ಬಂಡವಾಳ ಖಾತೆಯದ್ದು, ಅಂದರೆ ಆಸ್ತಿ ಕಟ್ಟಲು ಬಂದ ಉಚಿತ ನೆರವಿನಂಥವುಗಳ ಬೇರೆ ಲೆಕ್ಕದ್ದು.

ಈಗ ಕೂಡಿಸಿ. ಉದಾಹರಣೆಗೆ, ಕೋಟಿ ಡಾಲರ್ ಲೆಕ್ಕದಲ್ಲಿ: ಸರಕು −120, ಸೇವೆ +70, ಪ್ರಾಥಮಿಕ −30, ದ್ವಿತೀಯಕ +50: ಕೊರತೆ 30 ಕೋಟಿ. ಬರೀ 120ನ್ನು ಹಿಡಿದು ‘ಚಾಲ್ತಿ ಖಾತೆ ಕೊರತೆ’ ಎಂದು ಹಣೆಪಟ್ಟಿ ಹಚ್ಚಿದ ಚಾರ್ಟುಗಳು ಮೊಬೈಲಿನಲ್ಲಿ ಬೇಕಾದಷ್ಟು ಓಡಾಡುತ್ತವೆ, ನಂಬಬೇಡಿ. ಅದು ಸರಕು ವ್ಯಾಪಾರದ ಕೊರತೆ ಅಷ್ಟೇ.

ಈ 30 ಕೋಟಿ ತುಂಬುವುದು ಹೊರಗಿನ ಸಾಲದಿಂದ, ವಿದೇಶಿ ಹೂಡಿಕೆಯಿಂದ ಅಥವಾ ವಿದೇಶಿ ವಿನಿಮಯ ಸಂಗ್ರಹ ಕರಗಿಸಿ. ಆಮದು-ರಫ್ತಿಗೆ ಋತುಮಾನದ ಏರಿಳಿತ ಇರುವುದರಿಂದ ಒಂದೇ ತ್ರೈಮಾಸಿಕ ನೋಡಿ ತೀರ್ಪು ಕೊಡಬೇಡಿ. ನಾಲ್ಕನ್ನು ಕೂಡಿಸಿ, ಜಿಡಿಪಿಯ (ದೇಶದ ಒಟ್ಟು ಉತ್ಪಾದನೆಯ) ಶೇಕಡಾವಾರಿನಲ್ಲಿ ಓದಿ. ಅಧಿಕೃತ ಪಟ್ಟಿಯ ಖಾತೆಗಳೂ ಪರಸ್ಪರ ತಾಳೆಯಾಗುವುದಿಲ್ಲ. ಉಳಿದ ವ್ಯತ್ಯಾಸ ‘ಲೋಪದೋಷ’ ಎಂಬ ಸಾಲಿನಲ್ಲಿ ಕೂತಿರುತ್ತದೆ.