ಮೊದಲು ಜ್ವಾಲಾಮುಖಿ, ಆಮೇಲೆ ಮನೆಗಳು: ಬ್ಯಾಂಡೆಲಿಯರ್‌ಗೆ ನಾವು ಹೋದ ದಾರಿ

ಅಮೆರಿಕದ ನ್ಯೂ ಮೆಕ್ಸಿಕೊ ರಾಜ್ಯದಲ್ಲಿರುವ ಬ್ಯಾಂಡೆಲಿಯರ್ ರಾಷ್ಟ್ರೀಯ ಸ್ಮಾರಕಕ್ಕೆ ಸಾಮಾನ್ಯವಾಗಿ ಸ್ಯಾಂಟಾ ಫೆ ನಗರದಿಂದ ಬೆಳಿಗ್ಗೆ ಹೊರಟು, ಕಣಿವೆಯ ಬಂಡೆಮನೆಗಳನ್ನು ನೋಡಿಕೊಂಡು ಮಧ್ಯಾಹ್ನಕ್ಕೆ ಹಿಂದಿರುಗುವ ರೂಢಿಯಿದೆ. ಅದು ಹತ್ತಿರದ ದಾರಿ, ಸಂದೇಹವಿಲ್ಲ. ಆದರೆ ನಾನು, ನನ್ನ ಹೆಂಡತಿ, ಇಬ್ಬರು ಮಕ್ಕಳು ಮತ್ತು ಎಪ್ಪತ್ತು ದಾಟಿದ ಅಮ್ಮ ಕಾರಿನಲ್ಲಿ ಹೊರಟಾಗ ಆಲ್ಬುಕರ್ಕಿಯಿಂದ ಪಶ್ಚಿಮದ ಸುತ್ತುದಾರಿಯನ್ನೇ ಹಿಡಿದೆವು. ಬೂದಿಯನ್ನು ಉಗುಳಿದ ಜ್ವಾಲಾಮುಖಿಯನ್ನು ಮೊದಲು ನೋಡಿ, ಆ ಬೂದಿ ಗಟ್ಟಿಯಾಗಿ ಆದ ಕಲ್ಲಿನಲ್ಲಿ ಜನರು ಕೊರೆದುಕೊಂಡ ಮನೆಗಳನ್ನು ಆಮೇಲೆ ನೋಡುವುದು ನಮ್ಮ ಲೆಕ್ಕಾಚಾರವಾಗಿತ್ತು. ಕಲ್ಲಿನ ಹುಟ್ಟನ್ನು ನೋಡದೆ ನೇರವಾಗಿ ಗುಹೆಗಳಿಗೆ ಹೋದರೆ ಅವು ಬಂಡೆಯಲ್ಲಿನ ತೂತುಗಳಂತೆ ಮಾತ್ರ ಕಾಣುತ್ತವೆ ಎಂಬುದು ನನ್ನ ಅಭಿಪ್ರಾಯ.

ಆಲ್ಬುಕರ್ಕಿಯ ಉತ್ತರಕ್ಕಿರುವ ಬರ್ನಲಿಯೊದಲ್ಲಿ 550ನೇ ಹೆದ್ದಾರಿಗೆ ತಿರುಗಿ, ಸ್ಯಾನ್ ಇಸಿಡ್ರೊ ಎಂಬ ಊರಿನಲ್ಲಿ ರಾಜ್ಯ ಹೆದ್ದಾರಿ 4ನ್ನು ಹಿಡಿದರೆ, ಅದೇ ರಸ್ತೆ ಹೇಮೆಸ್ ಬೆಟ್ಟಗಳನ್ನು ಹತ್ತಿ ಇಳಿದು ಬ್ಯಾಂಡೆಲಿಯರ್‌ನ ಬಾಗಿಲವರೆಗೂ ಕರೆದೊಯ್ಯುತ್ತದೆ. ಬೆಟ್ಟದ ಮೇಲೆ ಬಹಳ ದೂರದವರೆಗೆ ಪೆಟ್ರೋಲ್ ಬಂಕ್‌ಗಳು ವಿರಳ, ಮೊಬೈಲ್ ಸಿಗ್ನಲ್ ಇನ್ನೂ ವಿರಳ. ಹಾಗಾಗಿ ಟ್ಯಾಂಕ್ ತುಂಬಿಸಿಕೊಂಡು, ನಕ್ಷೆಯನ್ನು ಫೋನಿಗೆ ಮೊದಲೇ ಇಳಿಸಿಕೊಂಡು ಹೊರಟೆವು. ದಾರಿಯಲ್ಲಿ ಈ ನೆಲದ ಮೂಲನಿವಾಸಿಗಳಾದ ಹೇಮೆಸ್ ಪುಯೆಬ್ಲೊ ಜನರ ಹಳ್ಳಿ ಸಿಗುತ್ತದೆ. ಅಲ್ಲಿ ಫೋಟೊ ತೆಗೆಯುವುದಕ್ಕೆ ನಿಷೇಧವಿರುವುದರಿಂದ ಕ್ಯಾಮೆರಾ ಚೀಲದಲ್ಲೇ ಉಳಿಯಿತು. ಹಳ್ಳಿಯ ಸುತ್ತಮುತ್ತ ಕಾಣುವ ಕೆಂಪು ಬಂಡೆಗಳಿಗೂ ಜ್ವಾಲಾಮುಖಿಗೂ ಸಂಬಂಧವಿಲ್ಲ, ಅವು ಅದಕ್ಕಿಂತ ಕೋಟ್ಯಂತರ ವರ್ಷ ಹಳೆಯ ಜಲಜ ಶಿಲೆಗಳು. ಹೇಮೆಸ್ ಸ್ಪ್ರಿಂಗ್ಸ್ ಊರು ಕಳೆದ ಮೇಲೆ ರಸ್ತೆಯ ಪಕ್ಕದಲ್ಲೇ ಸೋಡಾ ಡ್ಯಾಮ್ ಎದುರಾಗುತ್ತದೆ. ನೆಲದಡಿಯ ಶಾಖದಿಂದ ಬಿಸಿಯಾಗಿ ಮೇಲೆ ಬರುವ ಖನಿಜಯುಕ್ತ ನೀರು, ತಾನು ಕರಗಿಸಿಕೊಂಡು ತಂದ ಸುಣ್ಣವನ್ನು ಪದರಪದರವಾಗಿ ಬಿಟ್ಟು, ಹೊಳೆಗೆ ಅಡ್ಡಲಾಗಿ ಕಟ್ಟಿರುವ ಗೋಡೆ ಅದು. ಬೆಟ್ಟದ ಒಡಲು ಇನ್ನೂ ಬೆಚ್ಚಗಿದೆ ಎನ್ನುವುದಕ್ಕೆ ನಮಗೆ ಸಿಕ್ಕ ಮೊದಲ ಸಾಕ್ಷಿ ಇದೇ.

ಅಲ್ಲಿಂದ ಮೇಲೆ ರಸ್ತೆ ಪೈನ್ ಕಾಡಿನಲ್ಲಿ ಸುತ್ತುತ್ತಾ ಏರಿ, ಸುಮಾರು 8,500 ಅಡಿ ಎತ್ತರದಲ್ಲಿ ಮರಗಳೆಲ್ಲ ಒಮ್ಮೆಗೇ ಸರಿದು ವಾಯೆ ಗ್ರಾಂದೆ ಎಂಬ ವಿಶಾಲವಾದ ಹುಲ್ಲುಗಾವಲು ತೆರೆದುಕೊಳ್ಳುತ್ತದೆ. ಕಾರಿನಿಂದ ಇಳಿದ ಕೂಡಲೇ ಮಗ ಎದುರಿನ ದೊಡ್ಡ ಬೆಟ್ಟವನ್ನು ತೋರಿಸಿ, "ಅದೇ ಜ್ವಾಲಾಮುಖಿಯಾ?" ಎಂದು ಕೇಳಿದ. ಅಲ್ಲ. 11,254 ಅಡಿ ಎತ್ತರದ ಆ ರೆಡೊಂಡೊ ಶಿಖರ, ಕುಸಿದುಹೋದ ಜ್ವಾಲಾಮುಖಿಯ ನೆಲವೇ ಒಳಗಿನ ಶಿಲಾರಸದ ಒತ್ತಡಕ್ಕೆ ಮತ್ತೆ ಉಬ್ಬಿ ಎದ್ದ ಭಾಗ. ನಾವು ನಿಂತಿದ್ದ ಹುಲ್ಲುಗಾವಲು ಸುಮಾರು 13 ಮೈಲಿ ಅಗಲದ ಬಾಣಲೆಯಂಥ ತಗ್ಗಿನ ಒಂದು ಮೂಲೆ ಮಾತ್ರ. ಇದನ್ನು ವಾಯೆಸ್ ಕ್ಯಾಲ್ಡೆರಾ ಎನ್ನುತ್ತಾರೆ. ಸುಮಾರು 16 ಲಕ್ಷ ವರ್ಷಗಳ ಹಿಂದೆ ಒಮ್ಮೆ, ಸುಮಾರು 12.5 ಲಕ್ಷ ವರ್ಷಗಳ ಹಿಂದೆ ಇನ್ನೊಮ್ಮೆ, ಇಲ್ಲಿ ಮಹಾಸ್ಫೋಟಗಳಾಗಿ, ಅಡಿಯಲ್ಲಿದ್ದ ಶಿಲಾರಸ ಬರಿದಾದುದರಿಂದ ಮೇಲಿನ ನೆಲ ಆಧಾರವಿಲ್ಲದೆ ಒಳಕ್ಕೆ ಕುಸಿಯಿತು. ಆಗ ಹೊರಬಿದ್ದ ಬಿಸಿಬೂದಿ, ಅನಿಲ ಮತ್ತು ಪ್ಯೂಮಿಸ್ ಎಂಬ ಹಗುರವಾದ ತೂತುಗಲ್ಲಿನ ಚೂರುಗಳು ನೆಲಕ್ಕೆ ಅಂಟಿಕೊಂಡೇ ಹರಿದು, ಸುತ್ತಲಿನ ಕಣಿವೆಗಳನ್ನು ತುಂಬಿ, ಕೆಲವೆಡೆ ನೂರಾರು ಅಡಿ ದಪ್ಪಕ್ಕೆ ನಿಂತುವು. ಆ ಬೂದಿ ಗಟ್ಟಿಯಾಗಿ ಆದ ಕಲ್ಲೇ ಟಫ್. ಪೂರ್ವದ ಕಡೆ ಅದು ಹರಡಿ ಪಹರಿಟೊ ಪ್ರಸ್ಥಭೂಮಿಯಾಯಿತು, ಆಮೇಲೆ ತೊರೆಗಳು ಅದನ್ನು ಸೀಳಿ ಬೆರಳುಗಳಂತಹ ದಿಬ್ಬಗಳನ್ನೂ ಅವುಗಳ ನಡುವೆ ಕಡಿದಾದ ಕಣಿವೆಗಳನ್ನೂ ಮಾಡಿದವು.

ಹುಲ್ಲುಗಾವಲಿನಲ್ಲಿ ಹೆಚ್ಚು ಹೊತ್ತು ನಿಲ್ಲಬೇಕೆಂದು ಯಾರಿಗಾದರೂ ಅನ್ನಿಸುತ್ತದೆ. ದೂರದಲ್ಲಿ ಎಲ್ಕ್ ಎಂಬ ದೊಡ್ಡ ಜಿಂಕೆಗಳ ಹಿಂಡೊಂದು ಮೇಯುತ್ತಿತ್ತು, ಮಕ್ಕಳಿಗೆ ದುರ್ಬೀನು ಸಾಲಲಿಲ್ಲ. ಆದರೆ ಎತ್ತರದ ತೆಳುಗಾಳಿಯಲ್ಲಿ ಅಮ್ಮನಿಗೆ ತಲೆ ಭಾರವಾಗತೊಡಗಿದ್ದರಿಂದ ನಾವು ಮುಂದೆ ಹೊರಟು, ರಾತ್ರಿ ಲಾಸ್ ಅಲಮೋಸ್‌ನಲ್ಲಿ ತಂಗಿದೆವು. ವಯಸ್ಸಾದವರು ಜೊತೆಗಿದ್ದರೆ ಕ್ಯಾಲ್ಡೆರಾ ಮತ್ತು ಕಣಿವೆಯನ್ನು ಒಂದೇ ದಿನಕ್ಕೆ ತುರುಕದೆ ಹೀಗೆ ಎರಡಾಗಿ ಒಡೆಯುವುದು ಒಳ್ಳೆಯದು. ಅಂದ ಹಾಗೆ, 1943ರಿಂದ ಅಣುಬಾಂಬಿನ ಕೆಲಸ ನಡೆದ ಊರು ಇದೇ. ಬೇರೆಯವರ ಕಣ್ಣಿಗೆ ಬೀಳದ ಜಾಗ ಬೇಕೆಂದು ಆರಿಸಿಕೊಂಡ ದಿಬ್ಬಗಳೂ ಅದೇ ಬೂದಿಗಲ್ಲಿನವು.

ಲಾಸ್ ಅಲಮೋಸ್‌ನಲ್ಲಿ ಉಳಿದದ್ದರಿಂದ ಇನ್ನೊಂದು ಅನುಕೂಲವಾಯಿತು. ನಾವು ಹೋದಾಗ ಬೇಸಿಗೆಯ ತಿಂಗಳುಗಳಲ್ಲಿ ಬೆಳಿಗ್ಗೆ 9ರಿಂದ ಮಧ್ಯಾಹ್ನ 3ರವರೆಗೆ ಕಣಿವೆಯೊಳಕ್ಕೆ ಸ್ವಂತ ಕಾರು ಬಿಡುತ್ತಿರಲಿಲ್ಲ. ವೈಟ್ ರಾಕ್ ಊರಿನ ಸಂದರ್ಶಕರ ಕೇಂದ್ರದಲ್ಲಿ ಕಾರು ನಿಲ್ಲಿಸಿ ಷಟಲ್ ಬಸ್ಸಿನಲ್ಲಿ ಹೋಗಬೇಕಿತ್ತು. ಪಶ್ಚಿಮದ ದಾರಿಯಿಂದ ಬರುವವರು ಸ್ಮಾರಕದ ಬಾಗಿಲನ್ನು ದಾಟಿ ಮುಂದೆ ವೈಟ್ ರಾಕ್‌ಗೆ ಹೋಗಿ, ಬಸ್ಸಿನಲ್ಲಿ ಅದೇ ರಸ್ತೆಯಲ್ಲಿ ಹಿಂದಕ್ಕೆ ಬರಬೇಕಾಗುತ್ತಿತ್ತು. ನಾವು ಬೆಳಗಿನ ತಂಪಿನಲ್ಲೇ ಹೊರಟು 9ಕ್ಕಿಂತ ಮುಂಚೆ ಒಳಹೊಕ್ಕಿದ್ದರಿಂದ, ಅಮ್ಮನ ಕುರ್ಚಿ, ನೀರಿನ ಕ್ಯಾನು, ಬುತ್ತಿ ಎಲ್ಲವೂ ಕಾರಿನಲ್ಲೇ ಬಂದವು. ವೇಳಾಪಟ್ಟಿ ವರ್ಷದಿಂದ ವರ್ಷಕ್ಕೆ ಬದಲಾಗಬಹುದಾದ್ದರಿಂದ ಹೊರಡುವ ಮುನ್ನ ಪಾರ್ಕಿನವರ ಸೂಚನೆಗಳನ್ನು ನೋಡಿಕೊಳ್ಳಿ.

ಫ್ರಿಹೋಲೆಸ್ ಎಂಬ ಈ ಕಣಿವೆಯಲ್ಲಿ ಬಂಡೆಮನೆಗಳೆಲ್ಲ ಇರುವುದು ಉತ್ತರದ ಬಂಡೆಗೋಡೆಯಲ್ಲಿ. ಆ ಗೋಡೆ ದಕ್ಷಿಣಕ್ಕೆ ಮುಖ ಮಾಡಿರುವುದರಿಂದ ಚಳಿಗಾಲದ ಓರೆಬಿಸಿಲು ಇಡೀ ದಿನ ಅದರ ಮೇಲೆ ಬೀಳುತ್ತದೆ. ಸುಮಾರು 1150ರಿಂದ 1550ರವರೆಗೆ ಇಲ್ಲಿ ಪುಯೆಬ್ಲೊ ಜನರ ಪೂರ್ವಜರು ಮೆಕ್ಕೆಜೋಳ, ಬೀನ್ಸ್, ಕುಂಬಳ ಬೆಳೆದುಕೊಂಡು ಬಾಳಿದರು. ಅವರು ಮಾಯವಾಗಿಹೋದ ಜನಾಂಗವೇನಲ್ಲ. ಅವರ ವಂಶಸ್ಥರು ಕೊಚಿಟಿ, ಸ್ಯಾನ್ ಇಲ್ಡೆಫೊನ್ಸೊ ಮೊದಲಾದ ಊರುಗಳಲ್ಲಿ ಇಂದಿಗೂ ಇದ್ದಾರೆ. 1880ರಲ್ಲಿ ಅಡಾಲ್ಫ್ ಬ್ಯಾಂಡೆಲಿಯರ್ ಎಂಬ ವಿದ್ವಾಂಸನನ್ನು ಈ ಕಣಿವೆಗೆ ಕರೆತಂದು ತೋರಿಸಿದವರೂ ಕೊಚಿಟಿಯ ಜನರೇ, ಆದರೆ 1916ರಲ್ಲಿ ಸ್ಮಾರಕವಾದಾಗ ಹೆಸರು ಸಿಕ್ಕಿದ್ದು ಆತನಿಗೆ.

ಮುಖ್ಯ ಕಾಲುದಾರಿ ಸುಮಾರು ಒಂದೂಕಾಲು ಮೈಲಿಯ ಸುತ್ತು. ಅದರ ಮೊದಲ ಭಾಗ ಸಮತಟ್ಟಾಗಿದ್ದು, ವೃತ್ತಾಕಾರದಲ್ಲಿ ಕಟ್ಟಿದ ಟ್ಯುವೋನ್ಯಿ ಎಂಬ ಹಳ್ಳಿಯ ಅವಶೇಷಗಳ ಪಕ್ಕದಲ್ಲೇ ಹಾಯುತ್ತದೆ. ನೆಲಮಟ್ಟದಲ್ಲೇ ಸುಮಾರು 240 ಕೋಣೆಗಳು, ಒಟ್ಟು 400ರಷ್ಟು. ಇಲ್ಲಿಯವರೆಗೆ ಅಮ್ಮ ಆರಾಮವಾಗಿ ನಡೆದರು. ಮುಂದೆ ಬಂಡೆಯ ಕಡೆಗೆ ಕಿರಿದಾದ ಮೆಟ್ಟಿಲುಗಳು ಶುರುವಾಗುತ್ತವೆ. ಮಂಡಿನೋವಿದ್ದವರು ಅಲ್ಲಿಂದಲೇ ತೊರೆಯ ಪಕ್ಕದ ಸಮತಟ್ಟಾದ ದಾರಿಗೆ ಹೊರಳಬಹುದು, ಗೋಡೆಯ ಮೇಲಿನ ಮನೆಗಳು ಅಲ್ಲಿಂದಲೂ ಚೆನ್ನಾಗಿ ಕಾಣುತ್ತವೆ. ಅಮ್ಮ ಹಾಗೆ ಮಾಡಲಿಲ್ಲ. ನಿಧಾನವಾಗಿ, ಸೊಸೆಯ ಕೈಹಿಡಿದು, ಮೊದಲ ಏಣಿಯವರೆಗೆ ಬಂದರು.

ಟಫ್ ಕಲ್ಲಿನ ಸ್ವಭಾವ ಅರ್ಥವಾಗುವುದು ಇಲ್ಲಿ. ಹೊರಮೈ ಗಾಳಿಮಳೆಗೆ ಒಡ್ಡಿಕೊಂಡು ಗಟ್ಟಿಯಾದ ಸಿಪ್ಪೆಯಂತಾಗಿರುತ್ತದೆ, ಎಲ್ಲಾದರೂ ಆ ಸಿಪ್ಪೆ ಒಡೆದರೆ ಒಳಗಿನ ಮೆದು ಭಾಗ ಉದುರಿ ಪೊಟರೆಯಾಗುತ್ತದೆ. ಇಂಥ ಪೊಟರೆಗಳನ್ನೇ ಜನರು ಕಲ್ಲಿನ ಆಯುಧಗಳಿಂದ ಅಗಲಿಸಿ ಕೋಣೆ ಮಾಡಿಕೊಂಡರು. ಏಣಿ ಇಟ್ಟಿರುವ ಕೋಣೆಗಳಿಗೆ ಮಾತ್ರ ಹತ್ತಲು ಅವಕಾಶವಿದೆ. ಒಳಗೆ ದೊಡ್ಡವರು ಬಗ್ಗಿ ಕೂರಬೇಕು. ಗೋಡೆಯ ಕೆಳಭಾಗದಲ್ಲಿ ಮಣ್ಣಿನ ಸಾರಣೆ ಇನ್ನೂ ಅಲ್ಲಲ್ಲಿ ಉಳಿದಿದೆ, ಅದರ ಮೇಲಿನಿಂದ ಚಾವಣಿಯವರೆಗೆ ಕಲ್ಲು ಕಪ್ಪಾಗಿದೆ. ಕೆಳಗೆ ನಿಂತು ಇಣುಕಿದ ಅಮ್ಮ, "ಇದು ಒಲೆಯ ಹೊಗೆ ತಾನಾಗಿ ಹಿಡಿದದ್ದಲ್ಲ, ಬೇಕೆಂದೇ ಹಿಡಿಸಿದ ಹಾಗಿದೆ, ಎಲ್ಲ ಕಡೆ ಒಂದೇ ಸಮ ಇದೆಯಲ್ಲ" ಎಂದರು. ಅವರ ಮಾತು ಸರಿ. ಹೊಗೆಯಾಡಿಸಿದರೆ ಚಾವಣಿಯ ಕಲ್ಲು ಪುಡಿ ಉದುರುವುದು ಕಡಿಮೆಯಾಗುತ್ತದೆಂದು ಆ ಜನರು ತಿಳಿದಿದ್ದರು ಎಂಬ ವಿವರಣೆಯನ್ನು ಪಾರ್ಕಿನವರೂ ಕೊಡುತ್ತಾರೆ. ಮಗಳು ಗೋಡೆಗೆ ಮುಖ ಹತ್ತಿರ ಮಾಡಿ, ಬೂದುಬಣ್ಣದ ಮೈಯಲ್ಲಿ ಹುದುಗಿದ್ದ ಬಿಳಿಯ ಪ್ಯೂಮಿಸ್ ಚೂರುಗಳನ್ನೂ ಮಿನುಗುವ ಹರಳುಗಳನ್ನೂ ಎಣಿಸತೊಡಗಿದಳು. ನಿನ್ನೆ ಕಂಡ ತಗ್ಗಿನಿಂದಲೇ ಇವು ಬಂದದ್ದೆಂದು ಅವಳಿಗೆ ನಾನು ಹೇಳಬೇಕಾಗಲಿಲ್ಲ. ಮುಟ್ಟಬಾರದೆಂದು ಮಾತ್ರ ಹೇಳಬೇಕಾಯಿತು, ಉಗುರು ತಾಗಿದರೂ ಸವೆಯುವ ಕಲ್ಲು ಅದು.

ದಾರಿಯಲ್ಲಿ ಮುಂದೆ ಸಿಗುವ, ಬಂಡೆಗೆ ಒರಗಿಸಿ ಕಟ್ಟಿದ್ದ ಸುಮಾರು 800 ಅಡಿ ಉದ್ದದ ಲಾಂಗ್ ಹೌಸ್ ಎಂಬ ಮನೆಸಾಲಿನಲ್ಲಿ ಈಗ ಕಟ್ಟಡವಿಲ್ಲ, ಬಂಡೆಯಲ್ಲಿ ಸಾಲುಸಾಲಾಗಿ ದುಂಡನೆಯ ಗುಳಿಗಳಿವೆ. ಅವು ಚಾವಣಿಯ ತೊಲೆಗಳನ್ನು ಸಿಕ್ಕಿಸಿದ ಗುಳಿಗಳು. ಗುಳಿಗಳ ಒಂದು ಸಾಲಿಗೆ ಒಂದು ಅಂತಸ್ತು ಎಂದು ಲೆಕ್ಕ ಹಾಕಿದರೆ, ಗುಹೆಗಳ ಮುಂದೆ ಎರಡು ಮೂರು ಅಂತಸ್ತಿನ ಕಲ್ಲುಮನೆಗಳು ನಿಂತಿದ್ದುದು ಕಣ್ಣಿಗೆ ಕಟ್ಟುತ್ತದೆ. ಮಕ್ಕಳಿಗೆ ಈ ಲೆಕ್ಕದ ಆಟವನ್ನು ಕೊಟ್ಟುಬಿಟ್ಟರೆ ಬಿಸಿಲಿನಲ್ಲೂ ಗೊಣಗುವುದಿಲ್ಲ.

ಅಲ್ಲಿಂದ ಅರ್ಧ ಮೈಲಿ ಮುಂದೆ, ನೆಲದಿಂದ 140 ಅಡಿ ಮೇಲಿರುವ ಆಲ್ಕೋವ್ ಹೌಸ್ ಎಂಬ ದೊಡ್ಡ ಪೊಟರೆಗೆ ನಾಲ್ಕು ಮರದ ಏಣಿಗಳೂ ಕಲ್ಲಿನ ಮೆಟ್ಟಿಲುಗಳೂ ಇವೆ. ಎತ್ತರದ ಭಯವಿರುವವರು ಹತ್ತುವುದಕ್ಕಿಂತ ಇಳಿಯುವುದನ್ನು ಯೋಚಿಸಿ ನಿರ್ಧರಿಸಬೇಕು. ನಾನು ಮಗಳೊಂದಿಗೆ ಹತ್ತಿದೆ, ಹೆಂಡತಿ ಮಗನನ್ನೂ ಅಮ್ಮನನ್ನೂ ಕರೆದುಕೊಂಡು ತೊರೆಯ ನೆರಳಿನಲ್ಲಿ ಉಳಿದಳು. ಚಿಕ್ಕ ಮಕ್ಕಳನ್ನು ಬೆನ್ನಿಗೆ ಕಟ್ಟಿಕೊಂಡು ಈ ಏಣಿ ಹತ್ತುವವರನ್ನೂ ಕಂಡೆ, ನನಗೆ ಅದು ಸರಿ ಕಾಣಲಿಲ್ಲ.

ಜುಲೈ, ಆಗಸ್ಟ್‌ಗಳಲ್ಲಿ ಮಧ್ಯಾಹ್ನದ ಮೇಲೆ ಗುಡುಗುಮಳೆ ಬರುವುದು ಇಲ್ಲಿ ಸಾಮಾನ್ಯ. 2011ರ ಲಾಸ್ ಕೊಂಚಾಸ್ ಕಾಳ್ಗಿಚ್ಚು ಸ್ಮಾರಕದ ಅರ್ಧಕ್ಕಿಂತ ಹೆಚ್ಚು ಭಾಗವನ್ನು ಸುಟ್ಟಮೇಲೆ ನೀರು ಹೀರಲು ಕಾಡಿಲ್ಲದೆ ಈ ಕಣಿವೆಯಲ್ಲಿ ದೊಡ್ಡ ಪ್ರವಾಹಗಳು ಬಂದವು. ಆದ್ದರಿಂದ ಮೋಡ ಕವಿದ ಕೂಡಲೇ ಹೊರಬಿದ್ದೆವು.

ಸಮಯ ಉಳಿದಿದ್ದರಿಂದ ಸ್ಮಾರಕದ್ದೇ ಬೇರೊಂದು ತುಣುಕಾದ ತ್ಸಂಕವಿಗೂ ಹೋದೆವು. ಅದು ವೈಟ್ ರಾಕ್‌ನಿಂದ ಆಚೆ, ಹೆದ್ದಾರಿ 4ರ ಪಕ್ಕದಲ್ಲಿದೆ, ಕಾರನ್ನು ಅಲ್ಲೇ ನಿಲ್ಲಿಸಬಹುದು. ಅಲ್ಲಿನ ಕಾಲುದಾರಿ ಟಫ್‌ನೊಳಗೇ ಸವೆದು ಕೆಲವೆಡೆ ಮೊಣಕಾಲಿನಷ್ಟು, ಕೆಲವೆಡೆ ಅದಕ್ಕಿಂತ ಆಳವಾಗಿದೆ. ಅಗಲ ಮಾತ್ರ ಒಂದು ಹೆಜ್ಜೆಯಷ್ಟೇ ಇರುವುದರಿಂದ ದೊಡ್ಡ ಬೂಟು ಸಿಕ್ಕಿಹಾಕಿಕೊಳ್ಳುತ್ತದೆ, ಪಾದವನ್ನು ಒಂದರ ಮುಂದೆ ಒಂದರಂತೆ ಇಡಬೇಕು. ಏಣಿಯೂ ಇದೆ, ನೆರಳು ಕಡಿಮೆ. ಅಮ್ಮ ಕಾರಿನ ಬಳಿಯೇ ಕುಳಿತರು. ನನ್ನನ್ನು ಕೇಳಿದರೆ, ಕಾಲು ಗಟ್ಟಿಯಿದ್ದು ಒಂದೇ ಕಡೆ ಹೋಗಲು ಪುರಸೊತ್ತಿರುವವರಿಗೆ ಮುಖ್ಯ ಕಣಿವೆಗಿಂತ ತ್ಸಂಕವಿಯನ್ನೇ ಹೇಳುತ್ತೇನೆ, ಮಕ್ಕಳೂ ಹಿರಿಯರೂ ಜೊತೆಗಿದ್ದರೆ ಮುಖ್ಯ ಕಣಿವೆಯೇ ಸರಿ.